ಎರಡು ಮೂಟೆ ಉಣ್ಣೆ ಹೊತ್ತು ಚಳ್ಳಕೆರೆಗೆ

"ಉಣ್ಣೆ ಕತ್ತರಿಸಿ ತಿಂಗಳಾಯ್ತು ಕಣಪ್ಪ. ಯಾಪಾರಿ ಈ ಕಡೆ ತಲೇನೇ ಹಾಕ್ಲಿಲ್ಲ. ತಿಪ್ಪೆಗೆ ಹಾಕಿಬಿಡ್ಲಾ?"

ಆಫೀಸ್ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದಾಗ ಅಪ್ಪ ಫೋನ್ ಮಾಡಿ ಹೀಗೆ ಕೇಳಿದರು. "ಬೇಡ ಇರಪ್ಪ, ಶನಿವಾರ ಬರ್ತೀನಿ" ಅಂದೆ. ಹಾಗಂದಿದ್ದು ಉಣ್ಣೆಯ ಮೇಲಿನ ಪ್ರೀತಿಗಲ್ಲ. ಹಿಂದಿನ ವಾರವಷ್ಟೇ ನಾನು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ, "ಈ ಕರಿಕುರಿ ಸಾಕು, ಕೆಂಗುರಿ ಟಗರು ತರೋಣ, ದುಡ್ಡು ನಾನು ಕೊಡ್ತೀನಿ" ಎಂದು ಹೇಳಿದ್ದೆ. ಅಪ್ಪ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ.

ಬೆಂಗಳೂರಿನಿಂದ ಹೊರಟ ಬಸ್ಸು ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಬಳ್ಳಾರಿ ರಸ್ತೆಗೆ ಹೊರಳಿತು ಅಂದರೆ ನಮ್ಮ ಸೀಮೆ ಶುರು. ಜಾಲಿ, ಕಲ್ಲುಗುಡ್ಡ, ಶೇಂಗಾ ಹೊಲ, ಕುರುಚಲು ಕಾವಲು. ಚಳ್ಳಕೆರೆ ಎಂದರೆ ಹೊರಗಿನವರಿಗೆ ಎಣ್ಣೆ ಗಿರಣಿಗಳ ಊರು. ಕುರಿ ಕಾಯುವವರಿಗೆ ಅದು ಕಂಬಳಿ ಊರು.

ನಮ್ಮದು 40 ಕುರಿಗಳ ಸಣ್ಣ ಹಿಂಡು. ಎಲ್ಲ ದಖನಿ ತಳಿಯವು. ಮಳೆ ಕಮ್ಮಿ ಇರುವ ಈ ಸೀಮೆಯಲ್ಲಿ ಮೈಲಿಗಟ್ಟಲೆ ನಡೆದು, ಸಿಕ್ಕಿದ್ದನ್ನು ಮೇದು ಬದುಕುವ ಗಟ್ಟಿ ಜೀವಗಳು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಬೇಕು. ಬಿಟ್ಟರೆ ಮೈಗೆ ಉಣ್ಣೆ-ಹೇನು ಹತ್ತುತ್ತದೆ, ಬಿಸಿಲಿಗೆ ಕುರಿ ಸೊರಗುತ್ತದೆ. ಒಂದು ಕುರಿಯಿಂದ ಒಂದು ಸಲಕ್ಕೆ ಸಿಗುವುದು ಸುಮಾರು 300 ಗ್ರಾಂ. ಅಂದರೆ ಇಡೀ ಹಿಂಡಿನಿಂದ 12 ಕೆ.ಜಿ.

ಈಗ ನನ್ನ ಎಕ್ಸೆಲ್ ಲೆಕ್ಕ ಕೇಳಿ. ಕತ್ತರಿಸುವವರಿಗೆ ಕುರಿಗೆ 20 ರೂಪಾಯಿಯಂತೆ 800 ಕೂಲಿ. ವ್ಯಾಪಾರಿ ಕೊಡೋದು ಕೆ.ಜಿ.ಗೆ 15 ರೂಪಾಯಿ, ಒಟ್ಟು 180. ಉಳಿದ 620 ಕೈಯಿಂದ. ಕೆಂಗುರಿಗೆ ಈ ತಾಪತ್ರಯವೇ ಇಲ್ಲ. ಮೈಮೇಲೆ ಬರೀ ಕೂದಲು, ಮಾಂಸಕ್ಕೆ ಒಳ್ಳೆ ರೇಟು. ಸುತ್ತಮುತ್ತ ಎಷ್ಟೋ ಹಿಂಡುಗಳು ಹೀಗೇ ಬದಲಾಗಿವೆ.

ಶನಿವಾರ ಸಂಜೆ ರೊಪ್ಪದ ಪಕ್ಕ ಉಣ್ಣೆ ಸುರಿದುಕೊಂಡು ಕೂತೆವು. ಯೂರಿಯಾ ಚೀಲದಲ್ಲಿ ತುಂಬಿಟ್ಟಿದ್ದರು. ಉತ್ತರಾಣಿ, ನೆಗ್ಗಿಲು ಮುಳ್ಳು, ಹಿಕ್ಕೆ ಎಲ್ಲ ಸೇರಿಕೊಂಡಿತ್ತು. ಅಪ್ಪ ಮಾತಾಡದೆ ಮೂರು ಗುಡ್ಡೆ ಮಾಡಿದರು. ಮರಿಗಳ ಮೊದಲ ಕತ್ತರಿಯ ಮೆತ್ತನೆ ಉಣ್ಣೆ 2 ಕೆ.ಜಿ. ಬೆನ್ನು, ಪಕ್ಕೆಯ ಉದ್ದ ಕರಿ ಉಣ್ಣೆ 7 ಕೆ.ಜಿ. ಹೊಟ್ಟೆ, ಕಾಲು, ಬಾಲದ ಕಡೆಯ ಗಲೀಜು 3 ಕೆ.ಜಿ. ಆ ಕೊನೇದನ್ನು ಅಮ್ಮ ಕರಿಬೇವಿನ ಗಿಡದ ಬುಡಕ್ಕೆ ಹಾಕಿದಳು. ತೇವ ಹಿಡಿದಿಡುತ್ತದೆ, ಕೊಳೆತರೆ ಗೊಬ್ಬರ.

ಬೆಳಿಗ್ಗೆ ಎರಡು ಮೂಟೆ ಬೈಕಿಗೆ ಕಟ್ಟಿಕೊಂಡು ಚಳ್ಳಕೆರೆಗೆ ಹೊರಟೆವು. ಮೊದಲ ಅಂಗಡಿಯವನು ಮೂಟೆಗೆ ಕೈ ಹಾಕಿ ನೋಡಿದ, ಅಷ್ಟೇ. "ಎಲ್ಲದಕ್ಕೂ ಒಂದೇ ರೇಟು, ಹದಿನೈದು." ಆರಿಸಿದ್ದಕ್ಕೂ ಬೆಲೆ ಇಲ್ಲವಾ ಅಂದರೆ, "ಯಾರು ಆರಿಸು ಅಂದ್ರು ಸ್ವಾಮಿ?" ಅಂದ. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯ್ತು. ಅಪ್ಪ ಮಾತ್ರ ಬೈಕ್ ಹತ್ತಿ, "ನೇಯೋರ ಮನೆ ಕಡೆ ಬಿಡು" ಅಂದರು.

ಆ ಓಣಿಯಲ್ಲಿ ಒಬ್ಬ ಅಜ್ಜಿ ಜಗಲಿ ಮೇಲೆ ಕೂತು ರಾಟೆ ತಿರುಗಿಸುತ್ತಿದ್ದರು. ಒಳಗೆ ಗುಂಡಿ ಮಗ್ಗದಲ್ಲಿ ಅವರ ಮಗ. ಹುಣಸೆಬೀಜದ ಗಂಜಿಯ ವಾಸನೆ ಓಣಿಗೆಲ್ಲ ಹರಡಿತ್ತು. ಆ ಗಂಜಿ ಹಚ್ಚಿ ಒಣಗಿಸಿದರೇನೇ ಹಾಸಿನ ನೂಲು ಗಟ್ಟಿಯಾಗಿ ಮಗ್ಗಕ್ಕೆ ತಾಳೋದು. ಅಜ್ಜಿ ಒಂದು ಹಿಡಿ ಉಣ್ಣೆ ತೆಗೆದು ಬಿಸಿಲಿಗೆ ಹಿಡಿದರು. ಎಳೆ ಎಳೆದು ನೋಡಿದರು. ಆಮೇಲೆ ಅದರೊಳಗಿಂದ ಬಿಳಿ ಪ್ಲಾಸ್ಟಿಕ್ ದಾರವೊಂದನ್ನು ಎಳೆದು ನನ್ನ ಕೈಗಿಟ್ಟರು.

"ಯೂರಿಯಾ ಚೀಲದಾಗೆ ತುಂಬಿದ್ರಾ? ಹಿಂಜುವಾಗ ಇದು ಸಾವಿರ ತುಂಡಾಗಿ ಕೂತ್ಕೊಳ್ತದೆ. ಇನ್ಮೇಲೆ ಗೋಣಿಚೀಲದಾಗೆ ತಾ. ಕತ್ತರ್ಸೋಕೆ ಮುಂಚೆ ಕುರಿ ಮೈ ತೊಳಿ. ಉಣ್ಣೆ ಏನೋ ಚಲೋ ಐತೆ."

ಮರಿ ಉಣ್ಣೆಯನ್ನು ಕೆ.ಜಿ.ಗೆ 50ರಂತೆ ತಾವೇ ಕೊಂಡರು. ಕರಿ ಉಣ್ಣೆಗೆ ಬೇರೆ ಮಾತು: ಹಿಂಜಿ ಧೂಳು, ಕಸ ಹೋದರೆ ಎರಡು ಕಂಬಳಿಗೆ ಆಗುತ್ತದೆ, ನೂಲೋದು ನೇಯೋದು ಸೇರಿ ಕಂಬಳಿಗೆ 900 ಕೂಲಿ, ಕಂಬಳಿ ನಮ್ಮದೇ. ಅಪ್ಪ ನನ್ನ ಮುಖ ನೋಡಲೇ ಇಲ್ಲ, "ಆಗ್ಲಿ ಕಣವ್ವ" ಅಂದುಬಿಟ್ಟರು.

ವಾಪಸ್ ಬರುವಾಗ ಕೇಳಿದೆ, "ಅಪ್ಪ, ಮಳೆಗೆ ರೇನ್‌ಕೋಟ್ ತಂದುಕೊಟ್ಟಿದ್ನಲ್ಲ?"

"ರೇನ್‌ಕೋಟು ಹಾಸ್ಕೊಂಡು ಮಲಗಾಕೆ ಆಗ್ತದಾ? ಆಗಷ್ಟೇ ಹುಟ್ಟಿದ ಮರೀನ ಅದರಾಗೆ ಸುತ್ಕೊಂಡು ಬರಾಕೆ ಆಗ್ತದಾ?"

ಅದು ನಿಜ. ಈ ಒರಟು ಉಣ್ಣೆ ಸ್ವೆಟರಿಗೆ ಆಗಿಬರದು, ಮೈಗೆ ಚುಚ್ಚುತ್ತದೆ. ಆದರೆ ಗೊಪ್ಪೆ ಹಾಕಿಕೊಂಡು ನಿಂತರೆ ಸಣ್ಣಪುಟ್ಟ ಮಳೆಗೆ ಜಗ್ಗದು. ರಾತ್ರಿ ಹಾಸಿಗೆ, ಹಗಲು ನೆರಳು. ದೇವರ ಗದ್ದುಗೆಗೂ ಅದೇ ಬೇಕು.

ಎರಡು ತಿಂಗಳ ಮೇಲೆ ಕಂಬಳಿ ಬಂದವು. ಒಂದನ್ನು ನಮ್ಮ ಟೀಮಿನ ಗೆಳೆಯನೊಬ್ಬ 2,000 ರೂಪಾಯಿಗೆ ಕೊಂಡ. ಕೂಲಿಯೆಲ್ಲ ಕಳೆದು ಮತ್ತೆ ಲೆಕ್ಕ ಹಾಕಿದೆ. ನನ್ನ ಬಸ್ ಚಾರ್ಜ್ ಬಿಟ್ಟರೂ ಈಗಲೂ 500 ರೂಪಾಯಿ ನಷ್ಟವೇ. ಆದರೆ ಇನ್ನೊಂದು ಕಂಬಳಿ ಅಪ್ಪನ ಹೆಗಲ ಮೇಲಿದೆ, ಅದನ್ನು ಯಾವ ಕಾಲಮ್ಮಿಗೆ ಹಾಕುವುದೋ ಗೊತ್ತಾಗದೆ ಲ್ಯಾಪ್‌ಟಾಪ್ ಮುಚ್ಚಿದೆ.

ಟಗರಿನ ಮಾತನ್ನು ಕೊನೆಗೆ ಅಪ್ಪನೇ ಎತ್ತಿದರು. "ಕೆಂಗುರಿ ಟಗರು ತರಾಣ. ಮನೆ ನಡೀಬೇಕಲ್ಲ. ಆದ್ರೆ ಹತ್ತು ಕರಿಕುರಿ, ಒಂದು ಕರಿ ಟಗರು ಬ್ಯಾರೆ ಇರ್ಲಿ. ಒಂದ್ಸಲ ಬೆರೆತು ಹೋದ್ರೆ ಈ ಉಣ್ಣೆ ಮತ್ತೆ ಬರಲ್ಲ."

ಹತ್ತು ಕುರಿಗೆ ಒಂದು ಸಲಕ್ಕೆ 3 ಕೆ.ಜಿ. ಎರಡು ಕತ್ತರಿ ಸೇರಿದರೆ ಅಪ್ಪನಿಗೊಂದು ಕಂಬಳಿ. ಮುಂದಿನ ಸಲ ಊರಿಗೆ ಹೋಗುವಾಗ ನಾಲ್ಕು ಗೋಣಿಚೀಲ ಒಯ್ಯಬೇಕು.