ನಿಮ್ಮ ಹೆಸರೇನು ಹೇಳಿ

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ "ಅರ್ಜೆಂಟ್, ಓ ನೆಗೆಟಿವ್ ಬೇಕು" ಅಂತ ಮೆಸೇಜ್ ಬಂದರೆ ಸಾಕು, ಮೀಟಿಂಗಿನಲ್ಲಿ ಕೂತವರೂ ಫಾರ್ವರ್ಡ್ ಮಾಡ್ತಾರೆ. ಯಾರೋ ಒಬ್ಬರು ಬೈಕ್ ಹತ್ತಿ ಹೊರಟೇಬಿಡ್ತಾರೆ. ಸಂಜೆ "ಡೋನರ್ ಸಿಕ್ಕಿದರು" ಅಂತ ಬಂದ ಮೇಲೆ ಎಲ್ಲರೂ ಕೈಮುಗಿಯುವ ಇಮೋಜಿ ಹಾಕಿ ಸುಮ್ಮನಾಗ್ತೀವಿ. ರಕ್ತ ಸಿಕ್ತು, ಕೆಲಸ ಮುಗೀತು.

ಮುಗಿದಿರಲ್ಲ ಅಂತ ಗೊತ್ತಾಗಿದ್ದು ಅಮ್ಮನ ಸೊಂಟದ ಮೂಳೆ ಆಪರೇಷನ್ ಆದಾಗ. ಹಿಮೋಗ್ಲೋಬಿನ್ ಇಳಿದಿತ್ತು, ಒಂದು ಯೂನಿಟ್ ರಕ್ತ ಕೊಡಬೇಕು ಅಂದರು. ರಾತ್ರಿ ಹನ್ನೊಂದರ ಹೊತ್ತಿಗೆ ಇಬ್ಬರು ಸಿಸ್ಟರ್ ಬಂದರು. "ಅಮ್ಮಾ, ನಿಮ್ಮ ಹೆಸರೇನು ಹೇಳಿ?" ಆ ದಿನ ಅದು ನಾಲ್ಕನೇ ಸಲ. "ಫೈಲಲ್ಲೇ ಬರೆದಿದೆಯಲ್ಲಮ್ಮ" ಅಂತ ಅಮ್ಮ ನಿದ್ದೆಗಣ್ಣಲ್ಲಿ ಗೊಣಗಿದಳು. ಸಿಸ್ಟರ್ ಬಿಡಲಿಲ್ಲ. ಹೆಸರು ಹೇಳಿಸಿದರು. ಆಮೇಲೆ ಒಬ್ಬರು ಕೈಗೆ ಕಟ್ಟಿದ ಬ್ಯಾಂಡಿನ ನಂಬರ್ ಓದಿದರು, ಇನ್ನೊಬ್ಬರು ರಕ್ತದ ಬ್ಯಾಗಿನ ಮೇಲಿದ್ದ ಚೀಟಿಯದ್ದು. ಕೊನೆಯ ಎರಡು ಅಂಕಿ ಬೇರೆ ಇದ್ದವು!

ಅಮ್ಮನ ಹೆಸರಿನವರೇ ಇನ್ನೊಬ್ಬರು ಕೆಳಗಿನ ಮಹಡಿಯಲ್ಲಿದ್ದರು. ಅವರದು ಬಿ ಪಾಸಿಟಿವ್, ಅಮ್ಮನದು ಓ ಪಾಸಿಟಿವ್.

ಬ್ಯಾಗ್ ವಾಪಸ್ ಹೋಯಿತು. ಸರಿಯಾದದ್ದು ಬಂತು.

ರಕ್ತದ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಪ್ರಕಟಿಸಿದ್ದು 1901ರಲ್ಲಿ. ಅದಕ್ಕೆ 1930ರಲ್ಲಿ ನೊಬೆಲ್ ಸಿಕ್ಕಿತು. ಅವರ ಹುಟ್ಟುಹಬ್ಬ ಜೂನ್ 14, ಅದೇ ಈಗ ವಿಶ್ವ ರಕ್ತದಾನಿಗಳ ದಿನ. ಓ ಗುಂಪಿನವರಿಗೆ ಬಿ ರಕ್ತ ಹೋದರೆ ದೇಹ ಆ ಕೆಂಪು ಕಣಗಳನ್ನು ಒಡೆಯತೊಡಗುತ್ತದೆ, ಕಿಡ್ನಿ ಕೆಡಬಹುದು, ಜೀವವೇ ಹೋಗಬಹುದು. ಇಷ್ಟು ವಿಜ್ಞಾನ ನಮ್ಮ ಕೈಯಲ್ಲಿದ್ದರೂ ಗುಂಪು ಅದಲುಬದಲಾಗುವ ಅವಘಡಗಳಿಗೆ ಹೆಚ್ಚಾಗಿ ಕಾರಣವಾಗುವುದು ರೋಗಿಯ ಗುರುತು ಹಿಡಿಯುವಲ್ಲಿ ಆಗುವ ಎಡವಟ್ಟು. ಅದನ್ನು ತಡೆಯುವ ಕೊನೆಯ ಅವಕಾಶ ಹಾಸಿಗೆ ಪಕ್ಕದಲ್ಲಿ ನಿಂತ ಸಿಸ್ಟರಿಗೆ.

ರಕ್ತ ಹನಿಯಲು ಶುರುವಾದ ಮೇಲೆ ಅವರು ಮೊದಲ ಹದಿನೈದು ನಿಮಿಷ ಅಲ್ಲೇ ನಿಂತರು. ಹನಿ ನಿಧಾನಕ್ಕೆ ಬೀಳ್ತಿತ್ತು. ಯಾಕೆ ಮತ್ತೆ ಮತ್ತೆ ಹೆಸರು ಕೇಳ್ತೀರಿ ಅಂದೆ. "ನೀವು ಇಂಥವರಾ ಅಂತ ಕೇಳಬಾರದು ಸರ್, ನಿದ್ದೆಗಣ್ಣಲ್ಲಿ ಎಲ್ಲರೂ ಹೂಂ ಅಂತಾರೆ. ಅವರ ಬಾಯಿಂದಲೇ ಬರಬೇಕು." ಮಾತಾಡ್ತಾ ಇನ್ನಷ್ಟು ಹೇಳಿದರು. ರಕ್ತ ಫ್ರಿಜ್ಜಿನಿಂದ ಹೊರಬಂದ 30 ನಿಮಿಷದೊಳಗೆ ಶುರು ಮಾಡಬೇಕು, 4 ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯುವ ಭಯ. ತಣ್ಣಗಿದೆ ಅಂತ ಬಿಸಿನೀರಲ್ಲಿ ಅದ್ದಬಾರದು. ಅದೇ ಟ್ಯೂಬಿನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಗ್ಲೂಕೋಸ್ ಹಾಕಬಾರದು, ಕಣಗಳು ಒಡೆಯುತ್ತವೆ. ಚಳಿ, ಬೆನ್ನುನೋವು, ಉಸಿರುಕಟ್ಟಿದ ಹಾಗೆ ಅಂದರೆ ಮೊದಲು ರಕ್ತ ನಿಲ್ಲಿಸಬೇಕು, ಆಮೇಲೆ ಡಾಕ್ಟರಿಗೆ ಫೋನ್.

ಇದೆಲ್ಲ ನರ್ಸಿಂಗ್ ಕಾಲೇಜಿನಲ್ಲಿ ಕಲಿಸ್ತಾರೆ. ಆದರೆ ಒಮ್ಮೆ ಕಲಿತದ್ದು ಹಾಗೇ ಉಳಿಯಲ್ಲ, ಆಗಾಗ ತಿದ್ದಿ ತೀಡಬೇಕು. ಎಡವಟ್ಟುಗಳನ್ನು ಮುಚ್ಚಿಡದೆ ವರದಿ ಮಾಡಲಿ ಅಂತಲೇ ದೇಶದಲ್ಲಿ 2012ರಲ್ಲಿ ಹೀಮೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯಿತು. ಇನ್ನೊಂದು ವಿಷಯ ಯಾವ ತರಬೇತಿಯಿಂದಲೂ ಬರಲ್ಲ. ಇಬ್ಬರು ಸೇರಿ ನೋಡಬೇಕು ಅನ್ನೋ ನಿಯಮ ನಡೆಯಬೇಕಾದರೆ ನಡುರಾತ್ರಿಯ ವಾರ್ಡಿನಲ್ಲಿ ಎರಡನೇ ಸಿಸ್ಟರ್ ಇರಬೇಕು. ಹದಿನೈದು ನಿಮಿಷ ಒಂದೇ ಹಾಸಿಗೆ ಪಕ್ಕ ನಿಲ್ಲಬೇಕಾದರೆ ಅಷ್ಟು ಹೊತ್ತು ಉಳಿದವರನ್ನು ನೋಡಿಕೊಳ್ಳೋಕೆ ಇನ್ನೊಬ್ಬರು ಬೇಕು.

ಆಸ್ಪತ್ರೆ ಆರಿಸುವಾಗ ನಾವು ಇನ್ಶೂರೆನ್ಸ್ ಕ್ಯಾಶ್‌ಲೆಸ್ಸಾ, ರೂಮಿಗೆ ಏಸಿ ಇದೆಯಾ, ಪಾರ್ಕಿಂಗ್ ಸಿಗತ್ತಾ ಅಂತೆಲ್ಲ ವಿಚಾರಿಸ್ತೀವಿ. ರಾತ್ರಿ ಪಾಳಿಗೆ ಈ ವಾರ್ಡಲ್ಲಿ ಎಷ್ಟು ಜನ ಸಿಸ್ಟರ್ ಇರ್ತಾರೆ ಅಂತಲೂ ಒಮ್ಮೆ ಕೇಳಿ ನೋಡಿ.