ಒಣ ಸೀಮೆಯ ತೊಗಲು, ಮಳೆ ಸೀಮೆಯ ಕೋವಿ

ಸೇಡಂ ತಾಲ್ಲೂಕಿನ ನಮ್ಮ ಮುಧೋಳದಲ್ಲಿ ಬಂದೂಕು ಅಂದರೆ ಪೊಲೀಸರದು, ಇಲ್ಲವೇ ಬ್ಯಾಂಕಿನ ಬಾಗಿಲಲ್ಲಿ ಕೂತ ಗಾರ್ಡಿನದು. ದೂರದಿಂದ ನೋಡಿ ಸುಮ್ಮನಾಗುವುದು ರೂಢಿ. ಅದೇ ಬಂದೂಕಿಗೆ ಹೂ ಮುಡಿಸಿ ಕೈ ಮುಗಿಯುವ ನಾಡೊಂದು ಇದೇ ರಾಜ್ಯದಲ್ಲಿದೆ ಎಂದು ಕೇಳಿದ ಮೇಲೆ ಮನಸ್ಸು ತಡೆಯಲಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡಗಿನ ದಾರಿ ಹಿಡಿದೆ.

ಹೊರಡುವ ಮುಂಚೆ ಸೇಡಂನಲ್ಲಿ ಬೆಲ್ಟು, ಪಿಸ್ತೂಲಿನ ಚೀಲ ಹೊಲಿದು ರಿಪೇರಿ ಮಾಡುವ ಕಾಕಾನ ಹತ್ತಿರ, ಬಂದೂಕಿನ ತೊಗಲಿನ ಬಗ್ಗೆ ಕೇಳಲು, ಸ್ವಲ್ಪ ಹೊತ್ತು ಕೂತಿದ್ದೆ. ಯಾರದೋ ಹಳೇ ಚೀಲವನ್ನು ಅವರು ಮೆಲ್ಲಗೆ ಬಾಗಿಸಿದರು. ಮಡಿಕೆ ಬಿದ್ದಲ್ಲೆಲ್ಲ, ಬೇಸಿಗೆಯ ಎರೆಹೊಲದಂತೆ, ಸಣ್ಣ ಸಣ್ಣ ಬಿರುಕು. "ನೋಡ್ರಿ, ನಮ್ಮ ಬಿಸಿಲಿಗೆ ತೊಗಲಿನ ಜೀವಾನೇ ಹೋಗ್ತದ. ಅದರ ಮ್ಯಾಲ ಸಿಮೆಂಟಿನ ಧೂಳು, ಫರಸಿ ಕಲ್ಲಿನ ಧೂಳು. ಮೊದಲ ಧೂಳು ಒರಸ್ರಿ, ಆಮ್ಯಾಲ ಬೆರಳಿಗೆ ಹತ್ತುವಷ್ಟೇ ಮೇಣ ಹಚ್ರಿ. ಎಣ್ಣಿ ಸುರದ್ರ ತೊಗಲು ಮೆತ್ತಗಾಗಿ ಪಿಸ್ತೂಲು ಸಡ್ಲ ಕೂಡ್ತದ" ಎಂದರು. ಕೊಳ್ಳುವಾಗ ಏನು ನೋಡಬೇಕು ಎಂದು ಕೇಳಿದ್ದಕ್ಕೆ ಚೀಲದ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಪಿಸ್ತೂಲು ಹೊರಗೆ ತೆಗೆದ ಮೇಲೂ ಬಾಯಿ ಮುಚ್ಚಿಕೊಳ್ಳಬಾರದು, ಕುದುರೆ, ಅಂದರೆ ಟ್ರಿಗರ್, ಪೂರ್ತಿ ತೊಗಲಿನೊಳಗೆ ಅಡಗಬೇಕು, ಹೊಲಿಗೆ ಬಿಗಿಯಾಗಿರಬೇಕು, ಧೂಳಿನ ಸೀಮೆಯಾದರೆ ಮೇಲೊಂದು ಮುಚ್ಚಳ ಬೇಕೇ ಬೇಕು.

ವಾಡಿಯಲ್ಲಿ ರೈಲು ಹತ್ತಿ ರಾಯಚೂರು, ಗುಂತಕಲ್ ದಾಟಿ ಬೆಂಗಳೂರು. ಅಲ್ಲಿಂದ ಮೈಸೂರು, ಕುಶಾಲನಗರ. ಬಸ್ಸು ಮಡಿಕೇರಿ ಘಾಟಿ ಏರುತ್ತಿದ್ದಂತೆ ಗಾಜಿನ ಆಚೆ ಮಂಜು, ಕಾಫಿ ಗಿಡ, ನಿಲ್ಲದ ಜಿಟಿಜಿಟಿ ಮಳೆ. ತೊಗರಿ ಹೊಲಕ್ಕೆ ಒಂದು ಹದ ಮಳೆ ಬಂದರೆ ಸಾಕೆಂದು ಮುಗಿಲು ನೋಡುವವರ ಕಣ್ಣಿಗೆ ಇದೆಲ್ಲ ಬೇರೆಯದೇ ದೇಶ.

ಕೈಲ್‌ಪೊಳ್ದ್ ಸಾಮಾನ್ಯವಾಗಿ ಸೆಪ್ಟೆಂಬರ್ 3ರ ಸುಮಾರಿಗೆ. ನಾಟಿಯ ದಿನಗಳಲ್ಲಿ ಎತ್ತಿಟ್ಟ ಆಯುಧಗಳು ಕೆಲಸ ಮುಗಿದ ಮೇಲೆ ಹೊರಬರುತ್ತವೆ. ನಾನು ಹೋದ ಐನ್‌ಮನೆಯಲ್ಲಿ, ಅಂದರೆ ಕೊಡವ ಕುಟುಂಬದ ಮೂಲಮನೆಯಲ್ಲಿ, ಕೋವಿಗಳನ್ನು ಒರೆಸಿ, ಗಂಧ ಹಚ್ಚಿ, ನಳಿಕೆಗೆ ತೋಕ್ ಪೂ ಸಿಕ್ಕಿಸಿದ್ದರು. ಬೆಂಕಿಯ ನಾಲಗೆಯಂಥ ಕೆಂಪು-ಹಳದಿ ಎಸಳಿನ ಹೂವು ಅದು. ಪಕ್ಕದಲ್ಲಿ ಒಡಿಕತ್ತಿ ಎಂಬ ಬಾಗಿದ ಅಗಲ ಕತ್ತಿ. ಅದಕ್ಕೆ ತೊಗಲಿನ ಒರೆಯೇ ಇಲ್ಲ. ಸೊಂಟದ ಹಿಂದೆ ಕಟ್ಟುವ ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ ಅದು ನಿಲ್ಲುತ್ತದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಇಲ್ಲಿನ ಪದ್ಧತಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಪೂಜೆಯ ಬಳಿಕ ಮನೆಯ ಹಿರಿಯರು ತೋಟೆ ಸಿಕ್ಕಿಸುವ ಹಳೆಯ ತೊಗಲು ಪಟ್ಟಿಯೊಂದನ್ನು ನನ್ನ ಕೈಗಿಟ್ಟರು. ಕುಣಿಕೆಯೊಳಗಿನ ಹಿತ್ತಾಳೆಯ ಬುಡಕ್ಕೆಲ್ಲ ಹಸಿರು ಕಿಲುಬು. "ತೊಗಟೆ ಹಾಕಿ ಹದ ಮಾಡಿದ ತೊಗಲಿನಲ್ಲಿ ಒಗರಿನ ಹುಳಿ ಇರುತ್ತೆ. ನಮ್ಮ ಮಳೆಯ ತೇವ ಸೇರಿದರೆ ಹಿತ್ತಾಳೆ ಹಸಿರಾಗುತ್ತೆ, ಉಕ್ಕು ತುಕ್ಕು ಹಿಡಿಯುತ್ತೆ. ತೊಗಲಿನ ಚೀಲ ದಾರಿಗೆ ಮಾತ್ರ. ಮನೆಗೆ ಬಂದ ಮೇಲೆ ತೋಟೆ ತೆಗೆದು, ಖಾಲಿ ಎಂದು ನೋಡಿ, ಕೋವಿಯನ್ನೂ ತೊಗಲನ್ನೂ ಬೇರೆ ಬೇರೆ ಇಡಬೇಕು" ಎಂದರು. ನೆನೆದ ತೊಗಲನ್ನು ಒಲೆಯ ಹತ್ತಿರ ಒಣಗಿಸಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಗಾಳಿಯಾಡುವ ನೆರಳೇ ಸರಿ. ಬೂಸಲು ಕಂಡರೆ ಒಣಬಟ್ಟೆಯಲ್ಲಿ ಒರೆಸಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲೇಬಾರದು.

ಸೇಡಂನ ಕಾಕಾ ತೊಗಲು ಒಣಗದಂತೆ ಕಾಯುತ್ತಾರೆ, ಈ ಹಿರಿಯರು ಅದು ಹಸಿಯಾಗದಂತೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬರು ಎಣ್ಣೆ ಸುರಿಯಬೇಡ ಎಂದರೆ, ಇನ್ನೊಬ್ಬರು ಬೆಂಕಿಗೆ ಹಿಡಿಯಬೇಡ ಎನ್ನುತ್ತಾರೆ. ಆದರೂ ಅತಿ ಬೇಡ ಎಂಬಲ್ಲಿ ಇಬ್ಬರದೂ ಒಂದೇ ಮಾತು. ಹೊರಗೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ಶುರುವಾಗಿತ್ತು, ಹೆಂಗಸರೂ ಸಾಲಿನಲ್ಲಿದ್ದರು. ಒಳಗೆ ಕಡಂಬುಟ್ಟು ಎಂಬ ಅಕ್ಕಿ ಉಂಡೆ ಬೇಯುತ್ತಿತ್ತು. ತೊಗಲು ಕೊಳ್ಳುವವರು ಅಂಗಡಿಯ ಹೆಸರಿಗಿಂತ ಮೊದಲು ತಮ್ಮೂರಿನ ಹವೆ ಕೇಳಿಕೊಳ್ಳಬೇಕು ಎನ್ನುವುದನ್ನು ಅವತ್ತೇ ಡೈರಿಯಲ್ಲಿ ಬರೆದು ಊಟಕ್ಕೆ ಎದ್ದೆ.