ಹಳೆಯ ಬ್ಲಾಕ್

ಕೆಮ್ಮು ಶುರುವಾದಾಗ ನನಗೆ 53 ವರ್ಷ. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳಲ್ಲಿ ದುಂಡನೆಯ ಕಲೆಗಳು ಕಂಡವು. ನಮ್ಮ ಕಡೆ ಎದೆಯಲ್ಲಿ ಕಲೆ ಕಂಡರೆ ಮೊದಲು ಟಿ.ಬಿ. ಅಂತಲೇ ಅನುಮಾನ. ಕಫದಲ್ಲಿ ಕ್ರಿಮಿ ಸಿಗದಿದ್ದರೂ ಮಾತ್ರೆ ಕೊಟ್ಟರು. ಮೂತ್ರ ಕೆಂಪಗಾಯಿತು, ಊಟ ಸೇರದಾಯಿತು, ಕಲೆಗಳು ಬೆಳೆಯುತ್ತಲೇ ಹೋದವು.

ಬೆಂಗಳೂರಿನಲ್ಲಿ ಸಿ.ಟಿ. ನೋಡುತ್ತಾ ಎದೆಗೆ ಸೂಜಿ ಹಾಕಿ ಚೂರು ತೆಗೆದರು. ಆಮೇಲೆ ಪೆಥಾಲಜಿ ಡಾಕ್ಟರೇ ನನ್ನನ್ನು ಕರೆಸಿದರು. ಆ ವಿಭಾಗದವರು ರೋಗಿಯನ್ನು ಕರೆಸಿ ಮಾತಾಡುವುದು ಕಡಿಮೆ.

"ಅಮ್ಮಾ, ನಿಮಗೆ ಗರ್ಭಕೋಶದ ಆಪರೇಷನ್ ಏನಾದರೂ ಆಗಿದೆಯಾ?"

ಆಗಿತ್ತು. ಕೆಲವು ವರ್ಷಗಳ ಹಿಂದೆ ಫೈಬ್ರಾಯ್ಡ್ ಗಡ್ಡೆ ಎಂದು ಒಂದು ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶವನ್ನೇ ತೆಗೆದಿದ್ದರು. ಕೆಮ್ಮಿಗೆಂದು ಹೋದ ಕಡೆಯೆಲ್ಲ ಆ ಮಾತನ್ನು ಯಾರೂ ಎತ್ತಿರಲಿಲ್ಲ.

ಆ ಗಡ್ಡೆಯ ಚೂರನ್ನು ಮೇಣದಲ್ಲಿ ಕಾಪಿಟ್ಟ ಹಳೆಯ ಬ್ಲಾಕನ್ನು ಅಲ್ಲಿಂದ ತರಿಸಿ ಅಂದರು. ತಮ್ಮ ಹೋಗಿ ಲ್ಯಾಬಿನವರನ್ನು ಕಾಡಿ ಬೇಡಿ ತಂದ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕ, ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಕಂದು ಚೂರು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರು. ನನ್ನದೇ ಮಾಂಸ. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ.

ಅದನ್ನು ಮತ್ತೆ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಶ್ವಾಸಕೋಶದ ಚೂರಿನ ಜೊತೆ ಹೋಲಿಸಿದರು. ಡೆಸ್ಮಿನ್ ಮುಂತಾದ ಪರೀಕ್ಷೆಗಳಲ್ಲಿ ಎರಡಕ್ಕೂ ಸ್ನಾಯುವಿನದೇ ಗುರುತು ಬಂತು. ಲಿಯೋಮಯೋಸಾರ್ಕೋಮಾ. ಗರ್ಭಕೋಶದ ಸ್ನಾಯುವಿನಲ್ಲೇ ಹುಟ್ಟಿ, ರಕ್ತದ ಜೊತೆ ಹರಿದು, ಹೆಚ್ಚಾಗಿ ಶ್ವಾಸಕೋಶ ಸೇರುವ ಅಪರೂಪದ ಕ್ಯಾನ್ಸರ್. ಸ್ಕ್ಯಾನಿಂಗಿನಲ್ಲಿ ಫೈಬ್ರಾಯ್ಡಿನ ಹಾಗೇ ಕಾಣುವುದುಂಟು. ಕೋಶಗಳು ಎಷ್ಟು ಒಡೆಯುತ್ತಿವೆ, ಎಷ್ಟು ವಿಕಾರವಾಗಿವೆ, ಗಡ್ಡೆಯಲ್ಲಿ ಸತ್ತ ಭಾಗ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನಿಸಬೇಕು. ಫೈಬ್ರಾಯ್ಡ್ ಎಂದು ಆಪರೇಷನ್ ಆಗುವ ಸುಮಾರು 350 ಹೆಂಗಸರಲ್ಲಿ ಒಬ್ಬರಿಗೆ ಸಾರ್ಕೋಮಾ ಅಡಗಿರಬಹುದೆಂದು ಅಮೆರಿಕದ ಎಫ್‌ಡಿಎ 2014ರಲ್ಲೇ ಅಂದಾಜು ಮಾಡಿತ್ತು.

ನನ್ನ ಹಳೆಯ ಬಯಾಪ್ಸಿ ವರದಿಯ ಕೊನೆಗೆ, ಕೋಶಗಳು ದಟ್ಟವಾಗಿವೆ, ಗಡ್ಡೆಯ ಇನ್ನಷ್ಟು ಭಾಗ ಪರೀಕ್ಷಿಸಬೇಕು ಎಂದು ಬರೆದಿತ್ತು. ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದವರು ಆ ಸಾಲು ನಮಗೆ ಓದಿ ಹೇಳಲಿಲ್ಲ. ಕ್ಯಾನ್ಸರ್ ಬಂದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತದೆ.

ಟಿ.ಬಿ. ಮಾತ್ರೆ ನಿಲ್ಲಿಸಿ ಡಾಕ್ಸೋರೂಬಿಸಿನ್ ಎಂಬ ಕೀಮೋ ಔಷಧಿ ಶುರುಮಾಡಿದ್ದಾರೆ. ಹೃದಯಕ್ಕೆ ಪೆಟ್ಟು ಬೀಳದಂತೆ ಎಕೋ ಮಾಡಿಸುತ್ತಾರೆ. ಪೂರ್ತಿ ವಾಸಿಯಾಗುತ್ತದೆ ಎಂದು ಯಾರೂ ಹೇಳಿಲ್ಲ, ಬೆಳೆಯದಂತೆ ಹಿಡಿದಿಡಲು ನೋಡೋಣ ಅಂದಿದ್ದಾರೆ. ಕಳೆದ ಸಲದ ಸಿ.ಟಿ.ಯಲ್ಲಿ ದೊಡ್ಡ ಕಲೆ ಸ್ವಲ್ಪ ಕುಗ್ಗಿದೆ.